ನಾನು ಲ್ಯಾಪ್‌ಟಾಪ್ ಬಿಚ್ಚಿದ ಪ್ರಕರಣ

ನಮ್ಮ ಮನೆಯಲ್ಲಿ ಕಂಪ್ಯೂಟರ್ ಬಲ್ಲವನು ನಾನೊಬ್ಬನೇ ಎಂಬ ವಿಷಯದಲ್ಲಿ ಬಹಳ ವರ್ಷ ಯಾರಿಗೂ ಅನುಮಾನವಿರಲಿಲ್ಲ. ಮುಖ್ಯವಾಗಿ ನನಗೆ.

ಇದಕ್ಕೆ ಲಿಖಿತ ಆಧಾರವೂ ಇತ್ತು. ನಾನು ಕೆಲಸ ಮಾಡುತ್ತಿದ್ದ ವಿಮಾ ಕಚೇರಿಯವರು ತೊಂಬತ್ತರ ದಶಕದ ಕೊನೆಯಲ್ಲಿ ನಮಗೆಲ್ಲ ಐದು ದಿನದ ಕಂಪ್ಯೂಟರ್ ತರಬೇತಿ ಕೊಡಿಸಿದ್ದರು. ಐದರಲ್ಲಿ ಎರಡು ದಿನ ಕರೆಂಟ್ ಇರಲಿಲ್ಲ. ಒಂದು ದಿನ ಕರೆಂಟ್ ಇತ್ತು, ಕಲಿಸುವವರು ಬರಲಿಲ್ಲ. ಉಳಿದ ಎರಡು ದಿನಗಳಲ್ಲಿ ನಾನು ಕಂಪ್ಯೂಟರನ್ನು ಆನ್ ಮಾಡುವುದನ್ನೂ ಆಫ್ ಮಾಡುವುದನ್ನೂ ಆಮೂಲಾಗ್ರವಾಗಿ ಕಲಿತು, ಪ್ರಮಾಣಪತ್ರ ಪಡೆದು, ಅದಕ್ಕೆ ಕಟ್ಟು ಹಾಕಿಸಿ, ಜೆ.ಪಿ. ನಗರದ ನಮ್ಮ ಮನೆಯ ಹಾಲಿನಲ್ಲಿ ನೇತು ಹಾಕಿದ್ದೆ.

ನನ್ನ ಹೆಂಡತಿ ವಸುಧಾ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದಳು. ನಲವತ್ತೈದು ದಾಟಿದ ಮೇಲೆ ಪಿಎಚ್.ಡಿ.ಗೆ ಸೇರಿಕೊಂಡಳು. ಐದು ವರ್ಷ ವಾರಕ್ಕೆರಡು ಬೆಳಗ್ಗೆ ಪುಟ್ಟೇನಹಳ್ಳಿ ಕೆರೆಯ ದಂಡೆ ಸುತ್ತಿ, ಅಲ್ಲಿನ ಜೊಂಡು, ಹುಲ್ಲು, ಪಾಚಿ ಯಾವುದನ್ನೂ ಬಿಡದೆ ಬರೆದುಕೊಂಡು ಬಂದಳು. ಅವಳ ಪ್ರಬಂಧ ಟೈಪ್ ಮಾಡಲೆಂದೇ ಲ್ಯಾಪ್‌ಟಾಪ್ ಕೊಂಡೆವು. ಜೊತೆಗೆ ನಾನೊಂದು ಯುಪಿಎಸ್ಸನ್ನೂ ಕೊಂಡೆ.

"ಸಾರ್, ಲ್ಯಾಪ್‌ಟಾಪ್‌ನಲ್ಲೇ ಬ್ಯಾಟರಿ ಇರುತ್ತೆ. ಕರೆಂಟ್ ಹೋದ್ರೂ ಓಡುತ್ತೆ. ಯುಪಿಎಸ್ ಬೇಡ," ಎಂದ ಅಂಗಡಿಯವನು.

ನಾನು ಮುಗುಳ್ನಕ್ಕೆ. ತರಬೇತಿ ಪಡೆದವನ ಹತ್ತಿರ ಅವನು ಹೀಗೆಲ್ಲ ಹೇಳಬಹುದೆ? ಯುಪಿಎಸ್ ಬಂದು ಮೇಜಿನ ಕೆಳಗೆ ಕುಳಿತಿತು.

"ಬರೆದಿರೋದನ್ನ ಒಂದು ಸಿ.ಡಿ.ಗೂ ಹಾಕಿ ಇಟ್ಕೊಳ್ಳೋಣ್ವಾ?" ಎಂದು ವಸುಧಾ ಒಮ್ಮೆ ಕೇಳಿದ್ದಳು.

"ಯಾಕೆ? ಲ್ಯಾಪ್‌ಟಾಪ್ ಅಂದ್ರೆ ಬ್ಯಾಂಕ್ ಲಾಕರ್ ಇದ್ದ ಹಾಗೆ," ಎಂದಿದ್ದೆ.

ಸೋಮವಾರ ಪ್ರಬಂಧ ಸಲ್ಲಿಸಲು ಕೊನೆಯ ದಿನ. ಕೇಳಬಹುದಾದ ವಾಯಿದೆಗಳನ್ನೆಲ್ಲ ಕೇಳಿ ಮುಗಿದಿತ್ತು. ಶನಿವಾರ ಬೆಳಗ್ಗೆ ಒಂಬತ್ತು ಗಂಟೆಗೆ ವಸುಧಾ ಕೊನೆಯ ಸಲ ತಿದ್ದಲು ಕುಳಿತಳು.

"ರೀ, ಇದು ಆನ್ ಆಗ್ತಾ ಇಲ್ಲ!"

ನಾನು ಶೇವ್ ಮಾಡಿಕೊಳ್ಳುತ್ತಿದ್ದೆ. ಅರ್ಧ ಮುಖದ ನೊರೆಯೊಂದಿಗೆ ಹಾಲಿಗೆ ಬಂದೆ. "ನಾನಿದ್ದೀನಲ್ಲ!" ಎಂದೆ.

ಅವತ್ತು ನಾನು ಇರದಿದ್ದರೆ ಎಷ್ಟು ಚೆನ್ನಾಗಿತ್ತು!

ಗುಂಡಿ ಒತ್ತಿದರೆ ಹಸಿರು ದೀಪ ಹತ್ತುತ್ತಿತ್ತು. ಒಳಗೆ ಫ್ಯಾನ್ ಗುಂಯ್ ಎನ್ನುತ್ತಿತ್ತು. ಪರದೆ ಮಾತ್ರ ಕಪ್ಪಗೆ ಕುಳಿತಿತ್ತು. ಒಂದೆರಡು ಸಲ ಕೀಂ ಕೀಂ ಎಂದು ಕೂಗಿ ಸುಮ್ಮನಾಗುತ್ತಿತ್ತು. ನಾನು ನನ್ನ ಸಮಸ್ತ ವಿದ್ಯೆಯನ್ನೂ ಪ್ರಯೋಗಿಸಿದೆ. ಅಂದರೆ, ಆಫ್ ಮಾಡಿ ಆನ್ ಮಾಡಿದೆ. ಮತ್ತೆ ಆಫ್ ಮಾಡಿ ಆನ್ ಮಾಡಿದೆ. ಹೀಗೆ ಸುಮಾರು ಮೂವತ್ತು ಸಲ ಮಾಡುವಷ್ಟರಲ್ಲಿ ಮುಖದ ನೊರೆ ಒಣಗಿ ಚುರುಗುಟ್ಟತೊಡಗಿತು.

"ಕರೆಂಟ್ ಸಾಲ್ತಾ ಇಲ್ಲ," ಎಂದು ಘೋಷಿಸಿದೆ. "ಫ್ರಿಜ್ ಎಲ್ಲಾನೂ ಎಳ್ಕೊಳ್ತಿದೆ."

"ನಿನ್ನೆವರೆಗೂ ಸಾಕಾಗ್ತಿತ್ತಲ್ರೀ?"

ಇಂಥ ಪ್ರಶ್ನೆಗಳಿಗೆ ತಾಂತ್ರಿಕ ವರ್ಗದವರು ಉತ್ತರ ಕೊಡುವುದಿಲ್ಲ. ಫ್ರಿಜ್ಜಿನ ಪ್ಲಗ್ ಕಿತ್ತೆ. ಗೀಸರ್ ಆಫ್ ಮಾಡಿದೆ. ದೇವರ ಮನೆಯ ಸೊನ್ನೆ ಕ್ಯಾಂಡಲಿನ ಕೆಂಪು ಬಲ್ಬನ್ನೂ ಆರಿಸಿದೆ. ಇಡೀ ಮನೆಯ ವಿದ್ಯುತ್ತು ಒಂದು ಲ್ಯಾಪ್‌ಟಾಪಿಗೆ ಮೀಸಲಾಯಿತು. ಲ್ಯಾಪ್‌ಟಾಪ್ ಅದನ್ನೆಲ್ಲ ಕುಡಿದು, ಕೀಂ ಕೀಂ ಎಂದು, ಕಪ್ಪಗೆ ಕುಳಿತಿತು.

ಆಗ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆ. ಇಪ್ಪತ್ತು ನಿಮಿಷ ಸಂಗೀತ ಕೇಳಿಸಿ, ಒಬ್ಬ ಹುಡುಗಿ ಬಂದಳು. ನಾನು ಹೇಳಿದ್ದೆಲ್ಲ ಸಾವಧಾನವಾಗಿ ಕೇಳಿಕೊಂಡಳು. ಬ್ಯಾಟರಿ ತೆಗೆದಿಡಿ, ಬರೀ ಕರೆಂಟಿನಲ್ಲಿ ಆನ್ ಮಾಡಿ ಎಂದಳು. ತೆಗೆದಿಟ್ಟು ಆನ್ ಮಾಡಿದೆ.

"ಹೌ ಮೆನಿ ಬೀಪ್ಸ್ ಸರ್?"

ಕೂಗನ್ನು ಎಣಿಸಬೇಕಂತೆ. ಎಷ್ಟು ಸಲ ಕೂಗುತ್ತದೆ, ಉದ್ದ ಎಷ್ಟು, ಗಿಡ್ಡ ಎಷ್ಟು ಎನ್ನುವುದರ ಮೇಲೆ ಯಾವ ಭಾಗ ಕೆಟ್ಟಿದೆ ಎಂದು ಗೊತ್ತಾಗುತ್ತದಂತೆ! ನಾನು ಎಣಿಸಲು ಕಿವಿ ಕೊಟ್ಟೆ. ಸರಿಯಾಗಿ ಅದೇ ಕ್ಷಣಕ್ಕೆ ಎದುರು ಮನೆಯವರು ಕಾರನ್ನು ಹಿಂದಕ್ಕೆ ತೆಗೆದರು. ಅವರ ಕಾರು ಹಿಂದೆ ಹೋಗುವಾಗ ಹುಟ್ಟುಹಬ್ಬದ ರಾಗ ನುಡಿಸುತ್ತದೆ.

"ಹದಿನಾಲ್ಕು... ಇರಬಹುದು," ಎಂದೆ.

"ದಟ್ ಈಸ್ ನಾಟ್ ಪಾಸಿಬಲ್ ಸರ್," ಎಂದಳು ಹುಡುಗಿ.

ನನಗೊಂದು ಉಪಾಯ ಹೊಳೆಯಿತು. ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ಶೇಷಗಿರಿ ಮೇಷ್ಟ್ರು ಮೃದಂಗ ಕಲಿಸುವವರು. ಎಣಿಕೆಯಲ್ಲಿ ಅವರಿಗಿಂತ ಸಮರ್ಥರು ಬೇಕೆ? ಕೂಗಿದೆ. ಪಂಚೆ ಮೇಲೆತ್ತಿಕೊಂಡು ಇಳಿದು ಬಂದರು.

"ಏನು ಮೂರ್ತಿಗಳೇ?"

"ಇದು ಕೂಗುತ್ತೆ ಮೇಷ್ಟ್ರೇ. ನೀವು ಎಣಿಸಿ ಹೇಳ್ಬೇಕು."

ಅವರು ಗಂಭೀರವಾಗಿ ಕುರ್ಚಿ ಎಳೆದುಕೊಂಡು, ತೊಡೆಯ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿದರು. ನಾನು ಫೋನನ್ನು ಲ್ಯಾಪ್‌ಟಾಪಿನ ಹತ್ತಿರ ಹಿಡಿದೆ. ವಸುಧಾ ಬಾಗಿಲ ಬಳಿ ನಿಂತಳು. ಗುಂಡಿ ಒತ್ತಿದೆ.

ಅದೇ ಹೊತ್ತಿಗೆ ಕರೆಂಟ್ ಹೋಯಿತು. ಅದರಿಂದ ನಮಗೇನೂ ತೊಂದರೆಯಾಗಲಿಲ್ಲ. ಯುಪಿಎಸ್ ಇತ್ತಲ್ಲ! ಹಸಿರು ದೀಪ ಹಾಗೇ ಉರಿಯುತ್ತಿತ್ತು. ನಾನು ವಸುಧಾಳ ಕಡೆ ಹೆಮ್ಮೆಯಿಂದ ನೋಡಿದೆ.

"ಪೀಂ," ಎಂದಿತು.

"ಒಂದು," ಎಂದರು ಮೇಷ್ಟ್ರು, ತೊಡೆ ತಟ್ಟಿ.

"ಪೀಂ."

"ಎರಡು. ಸಮವಾಗಿ ಹೋಗ್ತಿದೆ. ಒಂದನೇ ಕಾಲ."

ಐದು, ಆರು, ಏಳು. ನಿಲ್ಲುವ ಸೂಚನೆಯೇ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ಮೇಷ್ಟ್ರ ಹುಬ್ಬು ಮೇಲೇರಿತು. "ಗಮನಿಸಿದ್ರಾ? ವೇಗ ಜಾಸ್ತಿ ಆಯ್ತು. ಎರಡನೇ ಕಾಲ!"

ಪೀಂಪೀಂ ಪೀಂಪೀಂ.

"ಶಭಾಷ್! ಮೂರನೇ ಕಾಲ!" ಮೇಷ್ಟ್ರ ಎರಡೂ ಕೈಗಳು ತೊಡೆಯ ಮೇಲೆ ಕುಣಿಯತೊಡಗಿದವು. ಆಮೇಲೆ ಪೀಂ ಎಂದು ಒಂದೇ ಉದ್ದದ ಕೂಗು ಹೊರಟು, ಗಕ್ಕನೆ ನಿಂತಿತು. ಹಸಿರು ದೀಪ ಆರಿತು. ಒಳಗಿನ ಫ್ಯಾನ್ ನಿಂತಿತು. ಮತ್ತೆ ಗುಂಡಿ ಒತ್ತಿದರೆ ಏನೂ ಇಲ್ಲ. ದೀಪವೂ ಇಲ್ಲ.

"ಮುಕ್ತಾಯ," ಎಂದರು ಮೇಷ್ಟ್ರು, ಕಣ್ಣು ತೆರೆದು.

ನಾನು ನಡೆದದ್ದನ್ನೆಲ್ಲ ಕಾಲಸಮೇತ ಫೋನಿನಲ್ಲಿ ವಿವರಿಸಿದೆ. ಹುಡುಗಿ ಪಾಪ ಬಹಳ ಮರುಕದಿಂದ, ನೀವು ಹೇಳುವುದು ನಿಜವಾದರೆ ಮದರ್‌ಬೋರ್ಡ್ ಹೋಗಿರಬೇಕು ಎಂದಳು. ಒಳಗಿರುವ ಬರವಣಿಗೆ? ಅದು ಹೇಳಲಾಗುವುದಿಲ್ಲ ಸರ್.

"ಮದರ್‌ಬೋರ್ಡ್ ಅಂದ್ರೆ?" ವಸುಧಾ ಕೇಳಿದಳು.

"ತಾಯಿ... ಹಲಗೆ," ಎಂದೆ. ಅದಕ್ಕಿಂತ ಹೆಚ್ಚು ನನಗೂ ಗೊತ್ತಿರಲಿಲ್ಲ.

"ಅದು ಹೋದ್ರೆ?"

"ತಾಯಿನೇ ಹೋದ ಮೇಲೆ..." ಎಂದರು ಮೇಷ್ಟ್ರು. ನಾನು ಅವರ ಕಾಲು ತುಳಿದೆ.

ವಸುಧಾ ಬೈಯಲಿಲ್ಲ. ಬೈದಿದ್ದರೆ ನಾನು ಎದುರು ಬೈದು ಸ್ವಲ್ಪ ಹಗುರಾಗುತ್ತಿದ್ದೆ. ಅವಳು ಒಳಗೆ ಹೋಗಿ, ಸ್ಟೂಲ್ ಹತ್ತಿ, ಅಟ್ಟದ ಮೇಲಿಂದ ಹಳೆಯ ನೋಟ್‌ಪುಸ್ತಕಗಳನ್ನೆಲ್ಲ ಇಳಿಸಿದಳು. ಕೆರೆಯ ದಂಡೆಯಲ್ಲಿ ನಿಂತು ಬರೆದುಕೊಂಡವು ಅವು. ಮೊದಲ ಮೂರು ಅಧ್ಯಾಯಗಳ ಪ್ರಿಂಟ್ ಅವಳ ಹತ್ತಿರ ಇತ್ತು. ಉಳಿದ ನಾಲ್ಕು ಅಧ್ಯಾಯ ಆ ಕಪ್ಪು ಪೆಟ್ಟಿಗೆಯೊಳಗೆ. ರೂಮಿನ ನೆಲದ ಮೇಲೆ ಕುಳಿತು, ಬಿಳಿ ಹಾಳೆಯ ಮೇಲೆ "ಅಧ್ಯಾಯ ನಾಲ್ಕು" ಎಂದು ಬರೆದು, ಕೆಳಗೊಂದು ಗೆರೆ ಎಳೆದಳು.

ಎರಡು ದಿನದಲ್ಲಿ ನಾಲ್ಕು ಅಧ್ಯಾಯ! ಆಗುವುದಿಲ್ಲ ಎಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಆದರೂ ಪೆನ್ನು ಓಡುವ ಸದ್ದು ಹಾಲಿನವರೆಗೂ ಕೇಳುತ್ತಿತ್ತು. ಆ ಸದ್ದು ಕೇಳಿಕೊಂಡು ಸುಮ್ಮನೆ ಕೂರುವುದು ನನ್ನಿಂದ ಸಾಧ್ಯವಾಗಲಿಲ್ಲ. ಸುಮ್ಮನೆ ಕೂತಿದ್ದರೆ ಈ ಬರಹಕ್ಕೆ ಇಲ್ಲಿಗೇ ಮಂಗಳ ಹಾಡಬಹುದಿತ್ತು.

ಕಚೇರಿಯ ಗೆಳೆಯನೊಬ್ಬನಿಗೆ ಫೋನ್ ಮಾಡಿದೆ. "ಮದರ್‌ಬೋರ್ಡ್ ಹೋದ್ರೆ ಹೋಗ್ಲಿ ಗುರು. ಬರೆದಿದ್ದೆಲ್ಲ ಹಾರ್ಡ್‌ಡಿಸ್ಕ್‌ನಲ್ಲಿ ಇರುತ್ತೆ. ಅದನ್ನ ಬಿಚ್ಚಿ ತೆಗೆದು ಬೇರೆ ಕಡೆ ಹಾಕಿದ್ರೆ ಸಿಗುತ್ತೆ," ಎಂದ. ಮಾತು ನೂರಕ್ಕೆ ನೂರು ಸರಿ. ಅವತ್ತು ನನಗೆ ಸಿಕ್ಕ ಏಕೈಕ ಸರಿಯಾದ ಸಲಹೆ ಅದು. ಮಹಾ ಅನಾಹುತ ಶುರುವಾದದ್ದು ಅದರಿಂದಲೇ.

ಕನ್ನಡಕದ ಸ್ಕ್ರೂ ಬಿಗಿ ಮಾಡುವ ಪುಟ್ಟ ಸ್ಕ್ರೂಡ್ರೈವರ್ ನನ್ನ ಹತ್ತಿರ ಇತ್ತು. ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲೆ ಅಂಗಾತ ಮಲಗಿಸಿದೆ. ಹಾಗೆ ನೋಡಬೇಡಿ, ನಾನು ಅಷ್ಟೇನೂ ಅವ್ಯವಸ್ಥಿತ ಮನುಷ್ಯನಲ್ಲ. ಒಂದು ನ್ಯೂಸ್‌ಪೇಪರ್ ಹರಡಿ, ಅದರ ಮೇಲೆ ಲ್ಯಾಪ್‌ಟಾಪಿನ ಬೆನ್ನಿನ ನಕ್ಷೆ ಬರೆದು, ಯಾವ ಸ್ಕ್ರೂ ಎಲ್ಲಿಯದೋ ನಕ್ಷೆಯಲ್ಲಿ ಅಲ್ಲಲ್ಲೇ ಇಡುತ್ತ ಹೋದೆ. ಮೇಷ್ಟ್ರು ಎಣಿಸಿದರು. ಹತ್ತೊಂಬತ್ತು ಸ್ಕ್ರೂ. ಉದ್ದದವು, ಗಿಡ್ಡದವು, ದಪ್ಪ ತಲೆಯವು. ಬೆನ್ನಿನ ನಡುವೆ ಪುಟ್ಟ ಮುಚ್ಚಳಗಳು ಎರಡಿದ್ದವು. "ಅವು ಏನೋ ಸಣ್ಣಪುಟ್ಟದ್ದಿರಬೇಕು, ಬಿಡಿ," ಎಂದು ಅವೆರಡನ್ನು ಮಾತ್ರ ಮುಟ್ಟಲಿಲ್ಲ.

ಸ್ಕ್ರೂ ಎಲ್ಲಾ ತೆಗೆದರೂ ಪೆಟ್ಟಿಗೆ ಬಾಯಿ ಬಿಡಲಿಲ್ಲ.

"ಮೇಲಿಂದ ಎಬ್ಬಿಸಬೇಕೇನೋ," ಎಂದರು ಮೇಷ್ಟ್ರು.

ಅಡುಗೆಮನೆಯಿಂದ ದೋಸೆ ಮಗುಚುವ ಕೈ ತಂದೆ. ಅಕ್ಷರಗಳ ಹಲಗೆಯ ಕೆಳಗೆ ಅದನ್ನು ತೂರಿಸಿ, ಮಸಾಲೆ ದೋಸೆ ಎಬ್ಬಿಸುವಷ್ಟೇ ಮೃದುವಾಗಿ ಮೀಟಿದೆ. ಟಪ್ ಟಪ್ ಟಪ್! ಹನ್ನೊಂದು ಅಕ್ಷರಗಳು ಒಟ್ಟಿಗೆ ಎದ್ದು ಹಾರಿದವು. ಒಂದು ಮೇಷ್ಟ್ರ ಜುಟ್ಟಿನಲ್ಲಿ ಸಿಕ್ಕಿಕೊಂಡಿತು.

"ಪರವಾಗಿಲ್ಲ, ಒಂದು ಪದರ ಬಿಚ್ಚಿತು," ಎಂದೆ.

ಎರಡನೇ ಪದರವೂ ಬಿಚ್ಚಿತು. ಆಮೇಲೆ ಒಂದು ರಿಬ್ಬನ್ ಕಿತ್ತು ಬಂತು. ಆಮೇಲೆ ಏನೆಂದು ನನಗೆ ಇವತ್ತಿಗೂ ಗೊತ್ತಿಲ್ಲದ ಒಂದು ವಸ್ತು ಕಳಚಿ ಕೈಗೆ ಬಂತು. ಹಾರ್ಡ್‌ಡಿಸ್ಕ್ ಮಾತ್ರ ಎಲ್ಲೂ ಕಾಣಲಿಲ್ಲ. ಅದು ಹೇಗಿರುತ್ತದೆ ಎಂದು ಗೆಳೆಯನನ್ನು ಕೇಳಲು ಮರೆತಿದ್ದೆ.

ಆಗ ಕರೆಂಟ್ ಬಂತು.

ಕರೆಂಟ್ ಹೋಗುವ ಮುಂಚೆ ಸೀಲಿಂಗ್ ಫ್ಯಾನ್ ಐದರಲ್ಲಿ ತಿರುಗುತ್ತಿತ್ತು ಎನ್ನುವುದು ನಮ್ಮಿಬ್ಬರಿಗೂ ನೆನಪಿರಲಿಲ್ಲ. ಅದು ಮೊದಲು ನಿಧಾನಕ್ಕೆ, ಆಮೇಲೆ ಭರ್ರನೆ ತಿರುಗಿತು. ನನ್ನ ನಕ್ಷೆ ಒಂದು ಸಲ ಮೈ ಮುರಿದು, ಎದ್ದು, ಮೇಜಿನಿಂದ ಹಾರಿತು. ಹತ್ತೊಂಬತ್ತು ಸ್ಕ್ರೂಗಳು ಮೊಸಾಯಿಕ್ ನೆಲದ ಮೇಲೆ ಚಿಲ್ಲೆಂದು ಚದುರಿದವು.

ಮೇಷ್ಟ್ರು ಹುಡುಕಲು ಬಗ್ಗಿದವರು ಅಡುಗೆಮನೆಯ ಬಾಗಿಲಲ್ಲಿ ಜಾರಿ ಕುಳಿತರು. ಪ್ಲಗ್ ಕಿತ್ತಿದ್ದ ಫ್ರಿಜ್ಜಿನ ಐಸೆಲ್ಲ ಕರಗಿ ಹೊಳೆಯಾಗಿ ಹರಿದು ಬಂದಿತ್ತು. "ಇಲ್ಲೊಂದು ಸ್ಕ್ರೂ ಸಿಕ್ತು," ಎಂದರು ಅವರು, ಕುಳಿತಲ್ಲಿಂದಲೇ, ನೋವಿನಿಂದ. "ಹೇಗೆ ಸಿಕ್ತು ಅಂತ ಕೇಳ್ಬೇಡಿ."

ಸದ್ದಿಗೆ ವಸುಧಾ ಪೆನ್ನು ಹಿಡಿದು ಹೊರಗೆ ಬಂದಳು. ಮೇಜಿನ ಮೇಲೆ ಐದು ತುಂಡಾಗಿ ಬಿದ್ದ ಲ್ಯಾಪ್‌ಟಾಪ್. ನೀರಿನಲ್ಲಿ ಕುಳಿತ ಮೇಷ್ಟ್ರು. ಒಂದು ಕಡೆ ಮಾತ್ರ ಶೇವ್ ಆದ ಗಂಡ, ಸೋಫಾದ ಕೆಳಗೆ ಅರ್ಧ ಒಳಗೆ, ಅರ್ಧ ಹೊರಗೆ.

"ರೀ," ಎಂದಳು. "ಇನ್ನು ಯಾವುದಾದ್ರೂ ಬಿಚ್ಚೋದು ಬಾಕಿ ಇದ್ಯಾ?"

ಅಲ್ಲಿಂದ ಮುಂದೆ ಅಧಿಕಾರ ಅವಳ ಕೈಗೆ ಹೋಯಿತು. ತನ್ನ ವಿದ್ಯಾರ್ಥಿನಿಯರಿಗೆಲ್ಲ ಫೋನ್ ಮಾಡಿ, ಬಿಟಿಎಂ ಲೇಔಟಿನಲ್ಲಿ ಒಬ್ಬಾಕೆ ರಿಪೇರಿ ಅಂಗಡಿ ಇಟ್ಟಿದ್ದಾರೆ, ಭಾನುವಾರವೂ ತೆಗೆದಿರುತ್ತದೆ ಎಂದು ಪತ್ತೆ ಮಾಡಿದಳು. ಮಾರನೆಯ ದಿನ ಬೆಳಗ್ಗೆ ಆಟೋ ಹತ್ತಿದೆವು. ವಸುಧಾಳ ತೊಡೆಯ ಮೇಲೆ ಅವಳ ನೋಟ್‌ಪುಸ್ತಕಗಳು. ನನ್ನ ತೊಡೆಯ ಮೇಲೆ ತರಕಾರಿ ಬುಟ್ಟಿ. ಬುಟ್ಟಿಯಲ್ಲಿ ಟವಲ್ ಹಾಸಿ ಲ್ಯಾಪ್‌ಟಾಪ್. ಪಕ್ಕದಲ್ಲಿ ಕುಂಕುಮದ ಭರಣಿಯಲ್ಲಿ ಸಿಕ್ಕಿದಷ್ಟು ಸ್ಕ್ರೂ, ಹದಿನಾರು. ಪ್ರತಿ ಹಂಪಿನಲ್ಲೂ ಬುಟ್ಟಿ ಗಲಗಲ ಎನ್ನುತ್ತಿತ್ತು.

"ಏನ್ ಸಾರ್, ಪಾತ್ರೆನಾ?" ಎಂದು ಕೇಳಿದ ಆಟೋದವನು.

"ಹೂಂ," ಎಂದೆ.

ಬೇಕರಿಯೊಂದರ ಮೇಲಿನ ಮಹಡಿಯಲ್ಲಿ ಒಂದೇ ಕೋಣೆಯ ಅಂಗಡಿ. ಒಳಗೆ ಮಹಾದೇವಿ ಎಂಬಾಕೆ, ಮೂವತ್ತರ ಆಸುಪಾಸು, ಹಣೆ ತುಂಬ ವಿಭೂತಿ, ಕಣ್ಣಿಗೆ ಭೂತಗನ್ನಡಿ. ಗದಗಿನ ಕಡೆಯವರು, ಬೆಂಗಳೂರಿಗೆ ಬಂದು ಎರಡು ವರ್ಷ ಆಗಿದೆ ಎಂದು ವಸುಧಾಳ ವಿದ್ಯಾರ್ಥಿನಿ ಹೇಳಿದ್ದಳು. ಆಕೆ ಬುಟ್ಟಿಯ ಟವಲ್ ಸರಿಸಿ ನೋಡಿ, ಕೈ ಎದೆಯ ಮೇಲೆ ಇಟ್ಟುಕೊಂಡರು.

"ಅಯ್ಯ ಶಿವನ! ಯಾರ್ ಬಿಚ್ಯಾರ್ರೀ ಇದನ್ನ?"

ನಾನು ವಸುಧಾಳ ಮುಖ ನೋಡಲಿಲ್ಲ. "ಒಬ್ಬ... ಮೆಕ್ಯಾನಿಕ್," ಎಂದೆ.

"ಮೆಕ್ಯಾನಿಕ್ಕು? ಅವಗ ತಲಿ ಐತೇನ್ರೀ? ಕೀಬೋರ್ಡ್ ನೋಡ್ರಿ, ಹಲಸಿನಹಣ್ಣು ಬಿಡಿಸಿದಂಗ ಬಿಡಿಸ್ಯಾನ!"

"ಹೌದು ಮೇಡಂ. ನಾನೂ ಹೇಳ್ದೆ, ಕೇಳ್ಲಿಲ್ಲ."

"ಈ ರಿಬ್ಬನ್ ಹಿಂಗ ಜಗ್ಗತಾರೇನ್ರೀ? ಎತ್ತಿನ ಹಗ್ಗ ಜಗ್ಗಿದಂಗ! ಇಂಥಾವ್ರ ಕೈಯಾಗ ಸ್ಕ್ರೂಡ್ರೈವರ್ ಕೊಟ್ಟವ್ರು ಯಾರ್ರೀ?"

"ಇಂಥವರನ್ನ ಒಳಗೆ ಹಾಕ್ಬೇಕು ಮೇಡಂ," ಎಂದೆ ಆವೇಶದಿಂದ. ಹೇಳುತ್ತ ಹೇಳುತ್ತ ನನಗೇ ಆ ಮೆಕ್ಯಾನಿಕ್ಕಿನ ಮೇಲೆ ನಿಜವಾದ ಸಿಟ್ಟು ಬಂದಿತ್ತು.

"ಅವನ ಅಂಗಡಿ ಎಲ್ಲೈತಿ ಹೇಳ್ರಿ. ನಮ್ಮ ಗಿರಾಕಿಗಳಿಗೆಲ್ಲ ಹೇಳಿ ಇಡತೀನಿ, ಆ ಕಡಿ ಹೋಗಬ್ಯಾಡ್ರಿ ಅಂತ."

ನಾನು ಜಯನಗರ ಎನ್ನಲೋ ಹನುಮಂತನಗರ ಎನ್ನಲೋ ಎಂದು ಯೋಚಿಸುತ್ತಿರುವಾಗ ವಸುಧಾ, ಅಂಗಡಿಗೆ ಬಂದ ಮೇಲೆ ಮೊದಲ ಸಲ, ಸ್ಪಷ್ಟವಾಗಿ ಬಾಯಿ ಬಿಟ್ಟಳು.

"ನಮ್ಮನೇಲೇ."

ಮಹಾದೇವಿಯವರು ಅವಳನ್ನು ನೋಡಿದರು. ನನ್ನನ್ನು ನೋಡಿದರು. ನನ್ನ ಜೇಬಿನಿಂದ ಇಣುಕುತ್ತಿದ್ದ ಕನ್ನಡಕದ ಸ್ಕ್ರೂಡ್ರೈವರನ್ನು ನೋಡಿದರು. ಭೂತಗನ್ನಡಿ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು. "ಕೂಡ್ರಿ ಸರ್," ಎಂದರು. "ಸ್ವಲ್ಪ ದೂರ ಕೂಡ್ರಿ."

ಆಮೇಲೆ ವಿಚಾರಣೆ ನಡೆಯಿತು. ಕೂಗಿದ್ದು ಹೇಗೆ, ವೇಗ ಹೆಚ್ಚಾದದ್ದು ಹೇಗೆ ಎಂದು ನಾನು ಮೂರು ಕಾಲಗಳನ್ನೂ ಬಾಯಲ್ಲಿ ನುಡಿಸಿ ತೋರಿಸಿದೆ.

"ಲ್ಯಾಪ್‌ಟಾಪ್ ಹಂಗ ಒದರಂಗಿಲ್ಲರಿ. ಆವಾಗ ಕರೆಂಟ್ ಹೋಗಿತ್ತೇನು? ಯುಪಿಎಸ್ ಐತೇನು ಮನ್ಯಾಗ?"

"ಇದೆ..."

"ಅದ ಒದರಿದ್ದು. ನನ್ನ ಕಡೆ ಬ್ಯಾಟರಿ ತೀರಾಕ ಹತ್ತೇತಿ ಅಂತ ಹೇಳಿ ಹೇಳಿ, ತೀರಿದ ಮ್ಯಾಲೆ ಸುಮ್ಮನಾತು. ನೀವು ಇದರ ಬ್ಯಾಟರಿ ತಗದಿಟ್ಟೀರಿ. ಅದಕ್ಕ ಇದೂ ಆರಿತು."

ಅಂದರೆ ಆ ಸಹಾಯವಾಣಿಯ ಹುಡುಗಿ ಮದರ್‌ಬೋರ್ಡ್ ಸತ್ತಿತೆಂದು ಹೇಳಿದ್ದು ಯುಪಿಎಸ್ಸಿನ ನಾಡಿ ನೋಡಿ!

ಮಹಾದೇವಿಯವರು ನಾನು ಮುಟ್ಟದೆ ಬಿಟ್ಟಿದ್ದ ಪುಟ್ಟ ಮುಚ್ಚಳಗಳಲ್ಲಿ ಒಂದನ್ನು ಬಿಚ್ಚಿದರು. ಒಳಗಿಂದ ಬೆರಳುದ್ದದ ಹಸಿರು ಪಟ್ಟಿಯೊಂದನ್ನು ಎಳೆದರು. "ಇದು ರ‍್ಯಾಮ್. ಇದರ ಅಂಚಿಗೆ ಕಿಲುಬು ಹಿಡಿದೈತಿ." ಮೇಜಿನ ಮೇಲಿದ್ದ ರಬ್ಬರ್ ತೆಗೆದುಕೊಂಡರು. ಮಕ್ಕಳು ಪೆನ್ಸಿಲ್ ಬರಹ ಅಳಿಸುವ ಸಾಮಾನ್ಯ ರಬ್ಬರ್. ಪಟ್ಟಿಯ ಅಂಚನ್ನು ನಾಲ್ಕು ಸಲ ಉಜ್ಜಿ, ಊದಿ, ಮತ್ತೆ ಸಿಕ್ಕಿಸಿದರು.

"ಮುಗೀತು. ಎರಡ ನಿಮಿಷದ ಕೆಲಸ."

"ಮತ್ತೆ ಈ ಇನ್ನೊಂದು ಮುಚ್ಚಳ?" ಎಂದೆ ಮೆಲ್ಲಗೆ.

"ಅದರಾಗ ಹಾರ್ಡ್‌ಡಿಸ್ಕ್ ಐತ್ರಿ. ಇವೆರಡ ಬಿಟ್ಟು ಉಳಿದದ್ದೆಲ್ಲಾ ಬಿಚ್ಚೀರಿ ನೋಡ್ರಿ!"

ರೋಗಕ್ಕೆ ಎರಡು ನಿಮಿಷ. ನನ್ನ ಚಿಕಿತ್ಸೆಯನ್ನು ಸರಿಪಡಿಸಲು ಆರು ಗಂಟೆ. ಆಕೆ ರಿಬ್ಬನ್ ಬದಲಿಸಿದರು, ಪದರಗಳನ್ನು ಕೂಡಿಸಿದರು, ಹನ್ನೊಂದು ಅಕ್ಷರಗಳನ್ನು ಒಂದೊಂದಾಗಿ ಕೂರಿಸಿದರು. ನಾನು ಕೆಳಗಿನ ಬೇಕರಿಯಿಂದ ಮೂರು ಸಲ ಕಾಫಿ, ಎರಡು ಸಲ ಬನ್ನು ತಂದುಕೊಟ್ಟೆ. ಅದೊಂದನ್ನು ಯಾವ ತಪ್ಪೂ ಇಲ್ಲದೆ ಮಾಡಿದೆ. ಸಂಜೆ ನಾಲ್ಕಕ್ಕೆ ಆಕೆ ಗುಂಡಿ ಒತ್ತಿದರು. ಪರದೆ ಬೆಳಗಿತು. ವಸುಧಾ ಬಗ್ಗಿ ನೋಡಿದಳು. ಅಧ್ಯಾಯ ನಾಲ್ಕು, ಐದು, ಆರು, ಏಳು. ಎಲ್ಲವೂ ಇದ್ದವು. ಅವಳು ಮಹಾದೇವಿಯವರ ಕೈ ಹಿಡಿದುಕೊಂಡು, ಕಣ್ಣು ಒರೆಸಿಕೊಂಡಳು.

"ಅಳಬ್ಯಾಡ್ರಿ ಅಕ್ಕಾರ," ಎಂದರು ಆಕೆ. "ಮನಿಗೆ ಹೋದ ಮ್ಯಾಲೆ ಆ ಸ್ಕ್ರೂಡ್ರೈವರ್ ಮಾತ್ರ ಅಡಗಿಸಿ ಇಡ್ರಿ."

ಸೋಮವಾರ ಬೆಳಗ್ಗೆ ಪ್ರಿಂಟ್ ಹಾಕಿಸಿ, ಬೈಂಡ್ ಮಾಡಿಸಿ, ಸಹಿಗಾಗಿ ವಸುಧಾಳ ಗೈಡ್ ಮೇಡಂ ಮನೆಗೆ ಬನಶಂಕರಿಗೆ ಹೋದೆವು. ಪ್ರತಿಗಳನ್ನು ಹೊತ್ತವನು ನಾನು. ಮೇಡಂ ಪುಟ ತಿರುವಿ ನೋಡಿ, ಸಂತೋಷಪಟ್ಟು, ಸಹಿ ಹಾಕುತ್ತ, "ಯಾಕಮ್ಮ, ಮುಖ ಎಲ್ಲಾ ಬಾಡಿದೆ?" ಎಂದರು.

"ಕೊನೇ ಗಳಿಗೇಲಿ ಲ್ಯಾಪ್‌ಟಾಪ್ ಕೆಟ್ಟುಹೋಯ್ತು ಮೇಡಂ," ಎಂದಳು ವಸುಧಾ. ನಾನು ನೆಲ ನೋಡತೊಡಗಿದೆ. ಅವಳೇ ಮುಂದುವರಿಸಿ, "ನಮ್ಮನೆಯವರು ರಿಪೇರಿ ಮಾಡಿಸಿದ್ರು," ಎಂದಳು.

ಎಂಥ ದೊಡ್ಡ ಮನಸ್ಸು! ಆದರೆ ಮೇಡಮ್ಮಿಗೆ ಕಿವಿ ಸ್ವಲ್ಪ ಮಂದ. ಆ ವಾಕ್ಯದ ಒಂದೇ ಒಂದು "ಸಿ" ಅವರ ಕಿವಿಗೆ ಬೀಳಲಿಲ್ಲ.

"ಓಹೋ, ನೀವೇ ರಿಪೇರಿ ಮಾಡಿದ್ರಾ!" ಎಂದು ಅವರು ನನ್ನ ಕಡೆ ತಿರುಗಿದರು. ಆ ನೋಟದಲ್ಲಿದ್ದ ಗೌರವವನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. "ನಮ್ಮನೇಲೂ ಒಂದು ಆನ್ ಆಗದೆ ಕೂತಿದೆ. ಹೇಗೂ ಬಂದಿದ್ದೀರಿ, ಸ್ವಲ್ಪ ನೋಡ್ತೀರಾ?"

ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. ಗಂಟಲು ಸರಿ ಮಾಡಿಕೊಂಡೆ. "ಅದಕ್ಕೇನಂತೆ ಮೇಡಂ, ಒಂದು ರಬ್ಬರ್..." ಎನ್ನುವಷ್ಟರಲ್ಲಿ ವಸುಧಾ ನನ್ನ ತೋಳು ಹಿಡಿದು ಬಾಗಿಲಿನ ಕಡೆ ನಡೆಸಿಯಾಗಿತ್ತು.

"ಇವರಿಗೆ ಇವತ್ತು ಪುರುಸೊತ್ತಿಲ್ಲ ಮೇಡಂ," ಎಂದಳು.

ಅವತ್ತು ನಾನು ಇಡೀ ದಿನ ರಜೆ ಹಾಕಿದ್ದೆ. ಪುರುಸೊತ್ತೊಂದನ್ನು ಬಿಟ್ಟರೆ ನನ್ನ ಹತ್ತಿರ ಬೇರೇನೂ ಇರಲಿಲ್ಲ.